ಕಪ್ಪು ಲೇಪದಡಿಯ ಸೀಮೆಸುಣ್ಣ

ನಮ್ಮ ಭಾವನ ಕಸುಬು ಹಳೇ ಕಾರುಗಳ ಹೊಟ್ಟೆಯಡಿ ನಿಲ್ಲುವುದು. ಗ್ಯಾರೇಜಿನ ಗುಂಡಿಗಿಳಿದು, ಕತ್ತೆತ್ತಿ, ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ತೊಳೆದು ಒಣಗಿಸಿ, ಮೇಲೆ ದಪ್ಪನೆಯ ಕಪ್ಪು ಲೇಪ ಹೊಡೆಯುತ್ತಾರೆ. ಆಮೇಲೆ ನೀರು, ಕೆಸರು ಕಬ್ಬಿಣಕ್ಕೆ ತಾಗುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಗ್ಗಿ ಗೇಟಿನ ಬುಡ ನೋಡುತ್ತಾರೆ, ಆಮೇಲೆ ಮನೆಯವರ ಮುಖ. ನಾವು ಅವರಿಗಿಟ್ಟ ಹೆಸರು ತುಕ್ಕಣ್ಣ.

ಹೆದರಿಕೆಯಂತೂ ಅವರ ಹುಟ್ಟುಗುಣ. ಬೀಗ ಹಾಕಿ ಮತ್ತೆ ಮತ್ತೆ ಜಗ್ಗುತ್ತಾರೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿ ಕೊನೆಯಿಂದ ವಾಪಸ್ ಬರುತ್ತಾರೆ. ಅಕ್ಕ ಇವರ ಜೊತೆ ಹೇಗೆ ಏಗುತ್ತಾಳೋ ಎಂದು ನನಗೆ ರೇಗುತ್ತಿತ್ತು. ಕೆಲಸದಲ್ಲಿ ಮಾತ್ರ ಆ ಹೆದರಿಕೆಯಿಂದ ಒಂದು ಒಳ್ಳೆಯ ಪದ್ಧತಿ ಬಂದಿತ್ತು. ಸವೆದ ಭಾಗ ಕಂಡರೆ ಸೀಮೆಸುಣ್ಣದಲ್ಲಿ ಸುತ್ತು ಹಾಕುವರು. ಮೆಕ್ಯಾನಿಕ್ ಅದನ್ನು ಬದಲಿಸಿ ಸುತ್ತು ಒರೆಸಿದ ಮೇಲೆಯೇ ಲೇಪ.

ಅಪ್ಪನ ಹಳೇ ಕಾರಿಗೂ ಅವರೇ ಲೇಪ ಹೊಡೆದಿದ್ದರು, ರಜೆಯ ದಿನ, ಒಬ್ಬರೇ. ಅರ್ಧ ಕೆರೆಯುವಷ್ಟರಲ್ಲಿ ಮಗಳು ಪುಟ್ಟಿಗೆ ಜ್ವರವೆಂದು ಫೋನ್ ಬಂತು, ಬಿಟ್ಟು ಓಡಿದರು. ಮಾರನೇ ಬೆಳಿಗ್ಗೆ ಮೆಕ್ಯಾನಿಕ್ ಬರುವ ಮೊದಲೇ ಕೆಲಸ ಮುಗಿಸಿದರು. ಅಪ್ಪನಿಗೆ ಕಾರು ಬೇಗ ಬೇಕಿತ್ತು, ಮಾವನಿಗೆ ಇಲ್ಲ ಎನ್ನುವ ಧೈರ್ಯ ಇವರಿಗಿಲ್ಲ.

ಮುಂದಿನ ವಾರ ಅಪ್ಪ ಅಕ್ಕನನ್ನೂ ಪುಟ್ಟಿಯನ್ನೂ ಕೂರಿಸಿಕೊಂಡು ಘಟ್ಟದ ಕೆಳಗಿನ ಅತ್ತೆ ಮನೆಗೆ ಹೊರಟರು. ನಾನು ಭಾವನ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. ಪುಟ್ಟಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದನ್ನು ಒರೆಸುತ್ತಿದ್ದ ಭಾವ ಹಾಗೇ ನಿಂತುಬಿಟ್ಟರು.

"ಮಾವನ ಕಾರಿನ ಬ್ರೇಕ್ ಪೈಪಿಗೆ ಸುತ್ತು ಹಾಕಿದ್ದೆ ಕಣೋ. ಯಾರು ಒರೆಸಿದ್ದು?"

"ಮೆಕ್ಯಾನಿಕ್ ಒರೆಸಿರ್ತಾನೆ ಬಿಡಿ."

"ಅವನು ಆ ಕಾರು ಮುಟ್ಟೇ ಇಲ್ಲ."

ಇದೂ ಗ್ಯಾಸಿನ ಕಥೆಯೇ ಇರಬೇಕು ಅಂದುಕೊಂಡೆ. ಅಕ್ಕನಿಗೆ ಫೋನ್ ಮಾಡಿದರೆ ಅದು ಒಳಕೋಣೆಯಲ್ಲೇ ಬಡಿದುಕೊಂಡಿತು. ಅಪ್ಪ ಕಾರಿನಲ್ಲಿ ಫೋನ್ ಇಟ್ಟುಕೊಳ್ಳುವವರಲ್ಲ. ಭಾವನ ತುಟಿ ಬೆಳ್ಳಗಾಗಿತ್ತು. "ಹಳೇ ಕಾರು ಕಣೋ, ಎಲ್ಲ ಚಕ್ರಕ್ಕೂ ಅದೊಂದೇ ಪೈಪು. ಇಳಿಜಾರಲ್ಲಿ ಒಡೆದ್ರೆ ಬ್ರೇಕೇ ಇಲ್ಲ."

ಸ್ಕೂಟರ್ ತೆಗೆದೆ. ಹಿಂದೆ ಕೂತು ಯಾವಾಗಲೂ ನಿಧಾನ, ನಿಧಾನ ಎಂದು ಪ್ರಾಣ ತಿನ್ನುವ ಮನುಷ್ಯ ಅವತ್ತು ಒಮ್ಮೆಯೂ ಹಾಗನ್ನಲಿಲ್ಲ. ಅವರ ಬೆರಳು ನನ್ನ ಭುಜಕ್ಕೆ ಒತ್ತುತ್ತಿದ್ದವು. ಪ್ರತಿ ತಿರುವಿನಲ್ಲೂ ಮುಂದೇನು ಕಾಣುತ್ತದೋ ಎಂದು ನಾನೂ ಕತ್ತು ಚಾಚಿ ನೋಡತೊಡಗಿದೆ.

ಇಳಿಜಾರು ಶುರುವಾಗುವಲ್ಲಿ, ಚಹಾದಂಗಡಿಯ ಮುಂದೆ, ಕಾರು ನಿಂತಿತ್ತು. ಅಪ್ಪ ಇಂಜಿನ್ನಿಗೆ ನೀರು ಹಾಕಿ ಹೊರಡಲು ಸೀಟಿನಲ್ಲಿ ಕೂತಿದ್ದರು. ಬ್ರೇಕ್ ಪೈಪ್ ಸವೆದಿದೆ, ಹೊರಡಬೇಡಿ ಎಂದು ಭಾವ ಕೂಗಿಕೊಂಡೇ ಇಳಿದರು.

"ಇಲ್ಲೀವರೆಗೆ ಇದೇ ಕಾರಲ್ಲಿ ಬಂದಿಲ್ವೇನ್ರಿ ನಾವು? ಬ್ರೇಕ್ ಚೆನ್ನಾಗೇ ಇದೆ. ಅಳಿಯಂದ್ರದ್ದು ಯಾವಾಗ್ಲೂ ಇದೇ ಗೋಳು" ಎಂದರು ಅಪ್ಪ.

ಭಾವ ಬಿಳಿ ಅಂಗಿಯಲ್ಲೇ ಕಾರಿನಡಿ ತೆವಳಿ, ಬೀಗದ ಕೈಯಿಂದ ಕೆರೆದರು. ಲೇಪ ಹಾಳೆಯಂತೆ ಎದ್ದುಬಂತು. ಅದರ ಒಳಮೈಗೆ ಸೀಮೆಸುಣ್ಣದ ಅರ್ಧ ಸುತ್ತು ಅಂಟಿಕೊಂಡಿತ್ತು.

"ಮಾವ, ಬ್ರೇಕ್ ಜೋರಾಗಿ ಒತ್ತಿ."

ಅಪ್ಪ ಒತ್ತಿದರು. ಕೆಳಗೆ ಪೈಪು ಪಟ್ ಎಂದಿತು. ಪೆಡಲ್ ನೆಲಕ್ಕೆ ಹೋಯಿತು.

ಭಾವ ಮುಖವೆಲ್ಲ ಎಣ್ಣೆಯಾಗಿ ಹೊರಬಂದರು. "ಗುರುತು ಹಾಕಿದ್ದೂ ನಾನೇ. ಅದರ ಮೇಲೆ ಬಳಿದಿದ್ದೂ ನಾನೇ" ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಅಕ್ಕ ಪುಟ್ಟಿಯನ್ನು ಎತ್ತಿಕೊಂಡು ಕೆಳಗಿಳಿದಳು. ಗಂಡನ ಒಂದೊಂದು ಹೆದರಿಕೆಯನ್ನೂ ನಮ್ಮೆದುರು ಸಮರ್ಥಿಸಿಕೊಂಡು ಬಂದವಳು ಅವಳು. ಕಣಿವೆಯ ಕಡೆ ನೋಡಿದಳು, ಪೆಡಲ್ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ತನ್ನ ಅಪ್ಪನನ್ನು ಕಂಡು ಪುಟ್ಟಿ ಭಾವನ ಕಡೆ ಕೈ ಚಾಚಿ ಕೊಸರಾಡಿತು. ಭಾವ ಅಂಗಿಗೆ ಕೈ ಉಜ್ಜಿಕೊಂಡು ಮುಂದೆ ಬಂದರು.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

ಭಾವ ಅಲ್ಲೇ ನಿಂತರು. "ಬೇಡ ಪುಟ್ಟಿ, ಕೈ ಕೊಳೆಯಾಗಿದೆ" ಎಂದು ಮಗುವಿಗೆ ಹೇಳಿದರು.