ಅಜ್ಜನ ವೈರಿಂಗಿಗೆ ಬಿದ್ದ ಕತ್ತರಿ

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಡೆದ ಸಂಗತಿ ಇದು. ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ನಿಮ್ಮ ತಾಯಂದಿರು ಇದನ್ನು ನಗುತ್ತಾ ಹೇಳುತ್ತಾರೆ. ನಗುವಂಥದ್ದು ಅದರಲ್ಲಿ ಒಂದಿಷ್ಟು ಇದೆ, ಅದನ್ನೂ ಬರೆಯುತ್ತೇನೆ. ಉಳಿದದ್ದೆಲ್ಲ ಸಿಟ್ಟು.

ಮಸ್ಕಿಯ ನಮ್ಮ ಮನೆಯ ಮುಂಭಾಗವೇ ಅಜ್ಜನ ಅಂಗಡಿಯಾಗಿತ್ತು. ಲಾರಿ, ಜೀಪು, ಟ್ರ್ಯಾಕ್ಟರುಗಳ ವೈರಿಂಗ್ ಅವರ ಕೆಲಸ. ಅಂಗಡಿಗೂ ಮನೆಗೂ ನಡುವೆ ಒಂದು ಬಾಗಿಲು. ಗಿರಾಕಿ ಬಂದರೆ ನಾನು ಆ ಬಾಗಿಲಿನ ಒಳಗೆ. ಮಧ್ಯಾಹ್ನ ಶೆಟರ್ ಅರ್ಧ ಇಳಿಸಿದಾಗ ಮಾತ್ರ ಹೊರಗೆ ಬರುತ್ತಿದ್ದೆ. ವೈರಿಂಗಿನ ದೋಷ ಹುಡುಕುವುದು ಇಬ್ಬರ ಕೆಲಸ. ಒಬ್ಬರು ಚಾವಿ ತಿರುವಬೇಕು, ಇನ್ನೊಬ್ಬರು ಬಾನೆಟ್ಟಿನೊಳಗೆ ನೋಡಬೇಕು. ನಾನು ಡ್ರೈವರ್ ಸೀಟಿನಲ್ಲಿ ಕೂತು ಚಾವಿ ತಿರುವುತ್ತಿದ್ದೆ. ಬರಬರುತ್ತಾ ನಾನೂ ಬಾನೆಟ್ಟಿನೊಳಗೆ ಬಗ್ಗಿದೆ. ಅಜ್ಜನಿಗೆ ಸಿಗದ ದೋಷ ಎಷ್ಟೋ ಸಲ ನನ್ನ ಕೈಗೆ ಸಿಕ್ಕಿದ್ದುಂಟು. ಸಂಜೆ ಗಿರಾಕಿ ಬಂದಾಗ "ಸಿಕ್ತು ನೋಡ್ರಿ" ಎಂದು ಅವರೇ ಹೇಳುತ್ತಿದ್ದರು. ನಾನು ಬಾಗಿಲಿನ ಹಿಂದೆ ನಿಂತು ಸಂತೋಷಪಡುತ್ತಿದ್ದೆ. ಎಂಥ ದಡ್ಡತನ!

ಅವರು ಮಾಡಿದ ಕೊನೆಯ ಕೆಲಸ ಒಂದು ಹಳೆಯ ಸ್ಪೋರ್ಟ್ಸ್ ಕಾರಿನದು. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, ನೆಲಕ್ಕೆ ತಾಗುವಂಥ ಹೊಟ್ಟೆ. ಸಿಂಧನೂರಿನ ಅಕ್ಕಿ ಗಿರಣಿಯ ಸಾಹುಕಾರರು ಹೈದರಾಬಾದಿನಿಂದ ತಂದದ್ದು. ಒಳಗಿನ ವೈರನ್ನೆಲ್ಲ ಇಲಿ ತಿಂದಿತ್ತು. ಅಜ್ಜನಿಗೆ ಆಗಲೇ ಕೆಮ್ಮು. ಆದರೂ ಒಂದೊಂದೇ ವೈರನ್ನು ಅಳೆದು, ನಡುವೆ ಎಲ್ಲೂ ಗಂಟು ಹಾಕದೆ, ಒಂದೇ ಎಳೆಯಾಗಿ ಎಳೆದರು. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದವಳು ನಾನು. ಸಂತೆಕಲ್ಲೂರಿನ ಶಾಲೆಯಲ್ಲಿ ಕಲಿತ ಏಳನೇ ಇಯತ್ತೆಯ ಅಕ್ಷರ ಆ ಪುಸ್ತಕದ ತುಂಬ ಇದೆ. ಕಾರು ಹೊರಟ ದಿನ ಅಜ್ಜ ಕಟ್ಟೆಯ ಮೇಲೆ ಕೂತು ಅದು ಮರೆಯಾಗುವವರೆಗೂ ನೋಡಿದರು. ಮುಂದೆ ಅವರು ಸ್ಪ್ಯಾನರ್ ಹಿಡಿಯಲಿಲ್ಲ.

ಅವರು ತೀರಿಕೊಂಡ ಮರುವರ್ಷ ಮಹಾನವಮಿ ಮುಗಿದು ಕೆಲವು ವಾರಗಳಾಗಿದ್ದವು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಆ ಕಾರನ್ನು ಸಿಂಧನೂರಿನಿಂದ ಲಿಂಗಸುಗೂರಿಗೆ ಎಳೆದುಕೊಂಡು ಹೊರಟಿದ್ದವರು ನಮ್ಮ ಮುಚ್ಚಿದ ಅಂಗಡಿಯ ಮುಂದೆ, ಬೇವಿನ ನೆರಳಿನಲ್ಲಿ ನಿಂತರು. ಸಾಹುಕಾರರಿದ್ದರು. ಜೊತೆಗೆ ಲಿಂಗಸುಗೂರಿನ ಮೆಕ್ಯಾನಿಕ್. ಅವನು ಆರು ವರ್ಷ ನಮ್ಮ ಅಂಗಡಿಯಲ್ಲೇ ಕೆಲಸ ಕಲಿತು, ನನ್ನ ಕೈಯ ರೊಟ್ಟಿ ತಿಂದು, ಆಮೇಲೆ ಸ್ವಂತ ಗ್ಯಾರೇಜು ಹಾಕಿದವನು. ನನ್ನ ನೋಟ್‌ಬುಕ್ಕು ಕೇಳಲು ಬಂದಿದ್ದರು. ನಾನು ಎಂದಿನಂತೆ ಬಾಗಿಲಿನ ಹಿಂದೆ.

ಎದುರಿನ ಚಹಾದಂಗಡಿಯವನು ಸಾಹುಕಾರರನ್ನು ಕೆಣಕಿದ. "ಸಾವಕಾರ್ರ, ಕಾರ್ ತಗೊಂಡು ಉಮಿ ಗುಡ್ಡಿ ಹತ್ತಿದ್ರಂತಲ್ಲ?"

"ನಗಬ್ಯಾಡಲೇ. ಕಾಲು ತಗದ್ರೂ ಎಕ್ಸಲೇಟರ್ ಮ್ಯಾಲ ಬರವಲ್ದು, ಗಾಡಿ ತಾನ ಓಡಾಕತ್ತೈತಿ. ಗಿರಣಿ ಹಿಂದ ಭತ್ತದ ಉಮಿ ಇತ್ತು, ಬದುಕಿದೆ. ಇಲ್ಲಂದ್ರ ಕಾಲುವ್ಯಾಗ ಇರ್ತಿದ್ದೆ."

"ಎಕ್ಸಲೇಟರ್ ವೈರು ಎರಡು ಸಲ ಬದಲಿ ಮಾಡೀನ್ರಿ" ಎಂದ ಮೆಕ್ಯಾನಿಕ್. "ಎರಡೂ ಸಲ ಒಳಗಿನ ಪ್ಲಾಸ್ಟಿಕ್ ಕರಗೇತಿ. ಸೆಲ್ಫ್ ಹೊಡದ್ರ ಇಂಜಿನ್ ಮುಲಕತೈತಿ. ವೈರಿಂಗ್ ಪೂರಾ ಕಿತ್ತು ಒಗೀಬೇಕು."

"ಮುದುಕಗ ಕಡೀಕ ಕಣ್ಣು ಕಾಣ್ತಿದ್ದಿಲ್ಲ. ಎಲ್ಲಾ ಖರಾಬ್ ಮಾಡಿಟ್ಟು ಹೋಗ್ಯಾನ. ಸಿಂಧನೂರಾಗೂ ಎಲ್ಲಾರಿಗೂ ಹೇಳೀನಿ" ಎಂದರು ಸಾಹುಕಾರರು.

ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವೆಂಬ ಧೈರ್ಯ! ನನಗೆ ಮೈ ಉರಿಯಿತು. ಪ್ಲಾಸ್ಟಿಕ್ ಕರಗಿತು ಎಂದ ಕೂಡಲೇ ನನಗೆ ದೋಷ ತಿಳಿದಿತ್ತು. ಎಕ್ಸಲೇಟರ್ ವೈರು ಬರೀ ಕಬ್ಬಿಣದ ಎಳೆ. ಕಾಲಿನಿಂದ ಎಳೆದರೆ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಅಷ್ಟೇ ಅದರ ಕೆಲಸ. ಅದಕ್ಕೆ ಕರೆಂಟಿನ ಸಂಬಂಧವೇ ಇಲ್ಲ. ಅದು ಬಿಸಿಯಾಗಿದೆ ಎಂದರೆ ಕರೆಂಟು ದಾರಿ ತಪ್ಪಿ ಅದರೊಳಗೆ ನುಗ್ಗಿದೆ ಎಂದೇ ಅರ್ಥ. ತಿಳಿದೂ ನಾನು ಚಿಲಕದ ಮೇಲೆ ಕೈಯಿಟ್ಟು ನಿಂತೆ. ಅಷ್ಟು ಗಂಡಸರ ನಡುವೆ ಹೋಗಿ ಏನೆಂದು ಬಾಯಿ ತೆರೆಯಲಿ?

"ನೋಟ್‌ಬುಕ್ ಆಮ್ಯಾಲ ನೋಡೋಣ, ಇಲ್ಲೇ ಬಿಚ್ಚು" ಎಂದರು ಸಾಹುಕಾರರು.

ಕಟ್ ಎಂದು ಸದ್ದಾಯಿತು. ವೈರು ಕತ್ತರಿಸುವ ಸದ್ದನ್ನು ನಾನು ನಿದ್ದೆಗಣ್ಣಿನಲ್ಲೂ ಗುರುತಿಸಬಲ್ಲೆ. ನನ್ನ ಕೈ ಚಿಲಕದ ಮೇಲೇ ಇತ್ತು. ಇನ್ನೊಂದು ಕಟ್. ಮತ್ತೊಂದು. ಆಗ ಬಾಗಿಲು ತೆಗೆದೆ.

"ಇಡಲೇ ಕತ್ತರಿ!"

ಅದು ನನ್ನದೇ ದನಿ ಎಂದು ನನಗೇ ಗೊತ್ತಾಗಲಿಲ್ಲ. ಮೆಕ್ಯಾನಿಕ್ಕನ ಕೈಯಿಂದ ಕತ್ತರಿ ಕೆಳಗೆ ಬಿತ್ತು. "ಅವ್ವಾರ, ನೀವ್ಯಾಕ ಹೊರಗ ಬಂದ್ರಿ..." ಎಂದು ತೊದಲಿದ.

ನಾನು ಕಾರಿನ ಹತ್ತಿರ ಹೋದೆ. ಸಾಹುಕಾರರು ಅಡ್ಡ ಬಂದರು. "ನವಮಿ ಪೂಜಿ ಆದ ಗಾಡಿ ಐತ್ರಿ ಅಮ್ಮಾ. ನೀವು ಮುಟ್ಟಬಾರ್ದು."

ಅವರು ನನ್ನ ಬರಿಹಣೆ ನೋಡಿ ಆ ಮಾತು ಆಡಿದರು.  

"ಉಮ್ಯಾಗ ಹೊಕ್ಕಾಗ ಪೂಜಿ ಎಲ್ಲಿ ಹೋಗಿತ್ರಿ? ಸರೀರಿ ಆ ಕಡೆ."

ಬಾನೆಟ್ಟಿನೊಳಗೆ ನೋಡಿದರೆ ಕಣ್ಣು ಕುಕ್ಕುವ ಕೆಂಪು. ಇಂಜಿನ್ನು, ತಗಡು, ಬೋಲ್ಟು, ಎಲ್ಲವೂ ಕೆಂಪೇ.

"ಬಣ್ಣ ಯಾರು ಹಚ್ಯಾರ?"

"ನಮ್ಮ ಗಿರಣಿ ಪೇಂಟರ್. ನವಮಿಗೆ ಟ್ರ್ಯಾಕ್ಟರಿಗೆ, ಮಿಷನ್ನಿಗೆ ಹಚ್ಚಿದ್ದ. ಇದಕ್ಕೂ ಹಚ್ಚಿಸಿದೆ. ಪೂಜಿಗೆ ಇಟ್ಟಿದ್ದು ಹೊಳೀಬೇಕಲ್ರಿ?"

ನಮ್ಮ ಕಡೆ ನವಮಿಗೆ ನೇಗಿಲಿಗೂ ಬಣ್ಣ ಹಚ್ಚುತ್ತಾರೆ. ನೇಗಿಲಿಗೆ ಕರೆಂಟಿಲ್ಲ. ಕಾರಿನಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕು. ಇಂಜಿನ್ನು ಕೂರುವುದು ರಬ್ಬರಿನ ಮೇಲೆ. ಆದ್ದರಿಂದ ಇಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಜಡೆಯಂತೆ ಹೆಣೆದ ದಪ್ಪ ತಾಮ್ರದ ಪಟ್ಟಿಯೊಂದು ಇರುತ್ತದೆ. ಅದೇ ಕರೆಂಟು ತಿರುಗಿ ಬರುವ ದಾರಿ. ಪೇಂಟರ್ ಅದನ್ನು ಬಿಚ್ಚಿ, ಅದರ ಕೆಳಗಿನ ಲೋಹಕ್ಕೆ ಎರಡು ಕೋಟು ಬಣ್ಣ ಬಳಿದು, ಬಣ್ಣದ ಮೇಲೆಯೇ ಬೋಲ್ಟು ಬಿಗಿದಿದ್ದ. ದಾರಿ ಮುಚ್ಚಿತ್ತು. ಸೆಲ್ಫ್ ಹೊಡೆದಾಗ ಎಲ್ಲ ಕರೆಂಟೂ ಬಡಪಾಯಿ ಎಕ್ಸಲೇಟರ್ ವೈರಿನ ಮೂಲಕ ಹಾಯ್ದು ಅದನ್ನು ಸುಡುತ್ತಿತ್ತು. ಪ್ಲಾಸ್ಟಿಕ್ ಕರಗಿ ಎಳೆ ಅಂಟಿಕೊಂಡಿದ್ದರಿಂದಲೇ ಕಾಲು ತೆಗೆದರೂ ಎಕ್ಸಲೇಟರ್ ಮೇಲೆ ಬರುತ್ತಿರಲಿಲ್ಲ.

"ಇದನ್ನ ಹಿಡೀರಿ" ಎಂದು ಸಾಹುಕಾರರ ಕೈಗೆ ಎಕ್ಸಲೇಟರ್ ವೈರು ಕೊಟ್ಟೆ. ಮೆಕ್ಯಾನಿಕ್ಕನಿಗೆ "ಒಳಗ ಕುಂದ್ರು. ಚಾವಿ ತಿರುವು. ನಾ ಸಾಕು ಅನ್ನೂತನ ಬಿಡಬ್ಯಾಡ" ಎಂದೆ.

ಇಂಜಿನ್ ಮುಲುಕಿತು. ನಾನು ಸಾಕು ಎನ್ನಲಿಲ್ಲ.

"ಅಯ್ಯಯ್ಯಪ್ಪೋ!" ಎಂದು ಸಾಹುಕಾರರು ಕೈ ಕೊಡವುತ್ತಾ ಚಹಾದಂಗಡಿಯವರೆಗೂ ಹಾರಿದರು.

"ಬರ್ರಿ ಸಾವಕಾರ್ರ, ಚಹಾಕ್ಕಿಂತ ಬಿಸಿ ಐತೇನು?" ಎಂದ ಚಹಾದವನು. ನಿಮ್ಮ ತಾಯಂದಿರು ನಗುವುದು ಇದಕ್ಕೇ.

ನಾನು ನಗಲಿಲ್ಲ. ಅಜ್ಜನ ಪೆಟ್ಟಿಗೆಯಿಂದ ಅರ ತಂದು, ಪಟ್ಟಿ ಬಿಚ್ಚಿ, ಲೋಹ ಬೆಳ್ಳಗೆ ಕಾಣುವವರೆಗೆ ಬಣ್ಣ ಉಜ್ಜಿ ತೆಗೆದೆ. ಬೋಲ್ಟು ಬಿಗಿದೆ. ಮೆಕ್ಯಾನಿಕ್ ಚಾವಿ ತಿರುವಿದ. ಒಂದೇ ಏಟಿಗೆ ಇಂಜಿನ್ ಗುಡುಗಿತು. ಎಕ್ಸಲೇಟರ್ ವೈರಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು.

"ಇಷ್ಟೇನು? ಹೋಗ್ಲಿ ಬಿಡ್ರಿ ಅಮ್ಮಾ, ಸಣ್ಣ ಬೋಲ್ಟು" ಎಂದರು ಸಾಹುಕಾರರು.

"ಸಣ್ಣ ಬೋಲ್ಟಿಗೆ ಸತ್ತವ್ರ ಹೆಸರು ಎಳೀಬೇಕಿತ್ತೇನ್ರಿ? ಅವರ ಕೈ ಕೆಟ್ಟಿದ್ದಿಲ್ಲ. ನಿಮ್ಮ ಬಣ್ಣ ಕೆಟ್ಟದ್ದು. ಸಿಂಧನೂರಾಗ ಎಲ್ಲೆಲ್ಲಿ ಹೇಳೀರಿ, ಅಲ್ಲೆಲ್ಲಾ ಹೋಗಿ ಇದನ್ನೂ ಹೇಳ್ರಿ."

ಅವರು ಸುಟ್ಟ ಬೆರಳು ಊದಿಕೊಳ್ಳುತ್ತಾ "ಆತು" ಎಂದರು. ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮೆಕ್ಯಾನಿಕ್ ಕಾಲು ಮುಟ್ಟಲು ಬಗ್ಗಿದ. ಹಿಂದೆ ಸರಿದೆ. ಆರು ವರ್ಷ ಅಜ್ಜನ ಕೈ ನೋಡಿದವನು ಆ ಕೈಯನ್ನು ನಂಬಲಿಲ್ಲವಲ್ಲ!

ಅವನು ಕತ್ತರಿಸಿದ್ದ ಮೂರು ವೈರುಗಳನ್ನು ನೋಟ್‌ಬುಕ್ ನೋಡಿ ನಾನೇ ಜೋಡಿಸಿದೆ. ಒಂದು ಹಾರ್ನಿನದು, ಒಂದು ಬಲಗಡೆಯ ಸಿಗ್ನಲ್ಲಿನದು, ಇನ್ನೊಂದು ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳಿನದು. ಕೆಲಸ ಕೆಡಲಿಲ್ಲ. ಆದರೆ ಅಜ್ಜ ಒಂದೇ ಎಳೆಯಾಗಿ ಎಳೆದಿದ್ದ ವೈರಿಂಗಿನಲ್ಲಿ ಈಗ ಮೂರು ಗಂಟುಗಳಿವೆ.

ಆ ಕಾರು ಈಗಲೂ ಒಮ್ಮೊಮ್ಮೆ ನಮ್ಮ ಮನೆಯ ಮುಂದೆ ಹಾರ್ನ್ ಹೊಡೆಯುತ್ತಾ ಲಿಂಗಸುಗೂರಿನ ಕಡೆ ಹೋಗುತ್ತದೆ. ಆ ಸದ್ದು ಕೇಳಿದಾಗ ನನಗೆ ಗಂಟುಗಳೇ ನೆನಪಾಗುತ್ತವೆ. ಮೊದಲನೆಯದು ಮೆಕ್ಯಾನಿಕ್ಕನದು. ಇನ್ನೆರಡು ನನ್ನವು, ಮೊದಲ ಕಟ್ ಕೇಳಿಯೂ ಚಿಲಕದ ಮೇಲೆ ಕೈಯಿಟ್ಟು ನಿಂತವಳವು.