ಅವ್ವ ತಿನ್ನದ ಬೆಲ್ಲ

ನಮ್ಮವ್ವನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿದೆ. ಮೊದಮೊದಲು ಮಾತ್ರೆಯಲ್ಲೇ ಹತೋಟಿಗೆ ಬರುತ್ತಿತ್ತು, ಆಮೇಲೆ ದಿನಕ್ಕೆರಡು ಸಲ ಇನ್ಸುಲಿನ್ ಶುರುವಾಯಿತು. ಕಾವಲಿನ ಹುಲ್ಲುಬಯಲಿನಲ್ಲಿ ಕುರಿಗಳ ಹಿಂದೆ ನಡೆದೇ ವಯಸ್ಸು ಕಳೆದವಳು ಅವಳು. ಡಾಕ್ಟರು ಹೇಳಿದ ದಿನದಿಂದ ಮುದ್ದೆಯನ್ನು ಅರ್ಧಕ್ಕಿಳಿಸಿದಳು, ಟೀಗೆ ಬೆಲ್ಲ ಹಾಕುವುದನ್ನು ಬಿಟ್ಟಳು. ಔಷಧಿ ತರುವುದು ನನ್ನ ಪಾಲಿನ ಕೆಲಸ. ನಾನು ಚಳ್ಳಕೆರೆಯ ಒಂದು ಬೀಜದ ಅಂಗಡಿಯಲ್ಲಿದ್ದೇನೆ, ದೊಡ್ಡಉಳ್ಳಾರ್ತಿಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತೇನೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವಳ ಶುಗರ್ ಇಳಿಯಲೇ ಇಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದರೂ ಮುನ್ನೂರರ ಹತ್ತಿರ. ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು, ಏನು ತಿನ್ನುತ್ತಾರೆ ಗಮನಿಸಿ ಅಂದರು. ನನಗೆ ಅಷ್ಟೇ ಸಾಕಾಯಿತು. ಕದ್ದು ತಿನ್ನುತ್ತಿದ್ದಾಳೆ ಎಂದು ತೀರ್ಮಾನಿಸಿ ಬೆಲ್ಲದ ಡಬ್ಬವನ್ನು ಕಪಾಟಿಗಿಟ್ಟು ಬೀಗ ಹಾಕಿದೆ. ಅವಳ ದಿಂಬಿನ ಕೆಳಗೂ ಕೈಯಾಡಿಸಿ ನೋಡಿದೆ.

ಆ ಭಾನುವಾರ ಮೊಳಕಾಲ್ಮೂರಿನಿಂದ ಅಕ್ಕ, ಭಾವ ಬಂದಿದ್ದರು. ಊಟಕ್ಕೆ ಕೂತಾಗ, ಅಳಿಯನ ಎದುರಿಗೇ, ನಾನು ಅವ್ವನನ್ನು ತರಾಟೆಗೆ ತೆಗೆದುಕೊಂಡೆ. ಅವಳು ಎರಡು ಸಲ ಇಲ್ಲವೆಂದಳು. ನಾನು ಬಿಡಲಿಲ್ಲ. ಕೊನೆಗೆ ತಟ್ಟೆ ನೋಡುತ್ತ, "ತಿಂದಿರಬೇಕು ಬಿಡಪ್ಪ. ನಂಗೇ ನೆನಪಿಲ್ಲ," ಅಂದಳು. ಗೆದ್ದವನಂತೆ ನಾನು ಭಾವನ ಮುಖ ನೋಡಿದೆ. ಅವರು ತಲೆ ಬಗ್ಗಿಸಿದರು.

ಮುಂದಿನ ವಾರ ಒಂದು ಬೆಳಿಗ್ಗೆ ಇನ್ಸುಲಿನ್ನಿನ ಹೊಸ ಬಾಟಲಿ ಕೊಂಡು, ಎಂದಿನಂತೆ ಸ್ಕೂಟರಿನ ಸೀಟು ಎತ್ತಿ ಒಳಗಿಡುತ್ತಿದ್ದೆ. ಮೆಡಿಕಲ್ ಸ್ಟೋರಿನ ಹಿರಿಯರು ಒಳಗಿಂದಲೇ ಕೇಳಿದರು: "ಈಗ ಸೀದಾ ಮನೀಗೆ ಹೋಗ್ತೀರಾ?"

ಇಲ್ಲ, ಅಂಗಡಿಗೆ, ಸಂಜೆ ಒಯ್ಯುತ್ತೇನೆ ಅಂದೆ.

"ಗಾಡಿ ಬಿಸಿಲಾಗೆ ನಿಂತಿರ್ತೈತೇನ್ರೀ?"

ಹೌದು ಅಂದೆ. ಅವರು ಬಾಟಲಿಯನ್ನು ವಾಪಸ್ ಇಸಿದುಕೊಂಡು ಫ್ರಿಜ್ಜಿನಲ್ಲಿಟ್ಟರು. ಅಂಥ ಕಾವಿಗೆ ಇನ್ಸುಲಿನ್ ಕೆಟ್ಟುಹೋಗುತ್ತದೆ, ನೋಡೋಕೆ ಹಾಗೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ, ಸಂಜೆ ಬಂದು ಒಯ್ಯಿರಿ ಎಂದರು. ಫ್ರಿಜ್ಜಿನಲ್ಲಿಡಬೇಕೆಂಬುದು ನನಗೆ ಗೊತ್ತಿತ್ತು. ಮನೆಗೆ ಹೋದ ಕೂಡಲೇ ಇಡುತ್ತಲೂ ಇದ್ದೆ. ಅದಕ್ಕೆ ಮುಂಚೆ ಅದು ಸೀಟಿನಡಿ ಕಾಯುತ್ತಿದ್ದ ಎಂಟು ಗಂಟೆ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಹೊಸ ಬಾಟಲಿ ಶುರುವಾದ ಮೇಲೆ ಶುಗರ್ ಬೇಗನೆ ಇಳಿಯತೊಡಗಿತು. ಡೋಸು ಹೆಚ್ಚಿಸಿದ್ದರಿಂದ ಒಂದು ಮಧ್ಯಾಹ್ನ ಅದು ತೀರಾ ಇಳಿದು ಅವಳು ಬೆವತು ನಡುಗಿದಳು. ಗಾಬರಿಯಿಂದ ಸಕ್ಕರೆ ನೀರು ಕುಡಿಸಿದೆ. ಡಾಕ್ಟರಿಗೆ ನಿಜ ಹೇಳಲೇಬೇಕಾಯಿತು. ಅವರು ಡೋಸು ಮತ್ತೆ ತಗ್ಗಿಸಿದರು. ಅವ್ವನಿಗೆ ಹೇಳಲು ಇನ್ನೂ ಹದಿನೈದು ದಿನ ಬೇಕಾಯಿತು. ಅಷ್ಟು ದಿನವೂ ಅವಳು, ಬಾಯಿ ಕಟ್ಟಿದ್ದಕ್ಕೆ ಕಡಿಮೆ ಆಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಅವಳು ಅಂಗಳದಲ್ಲಿ ಕೂತಿದ್ದಾಗ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ನಂಗೇನೂ ಮರೆವು ಬಂದಿಲ್ಲ ಅನ್ನು," ಅಂದಳು. ಆಮೇಲೆ, "ಪಕ್ಕದ ಮನಿಯಾಕಿಗೂ ಇದೇ ಸೂಜಿ, ಆಕಿ ಮಗನೂ ಗಾಡಿಯಾಗೇ ತರ್ತಾನೆ. ಅವ್ನಿಗೂ ಹೇಳು," ಅಂದಳು.

ಹೋಗಿ ಹೇಳಿದೆ. ಆದರೆ ಎಲ್ಲೋ ಓದಿ ತಿಳಿದವನ ಹಾಗೆ ಹೇಳಿ ಬಂದೆ.