ಯಾರೂ ಇಲ್ಲದ ಹಾಡು

“ಬದ್ಲಾಯಿಸ್‌ಬ್ಯಾಡ ಕಣವ್ವ, ಅದೇ ಇರ್‍ಲಿ,” ಎಂದರು ಗೌರತ್ತೆ.

ಕೊಣನೂರಿನ ಅವರ ಮನೆಯಲ್ಲಿ ಹೊಗೆಸೊಪ್ಪು ವಿಂಗಡಿಸುತ್ತಾ ಕೂತಿದ್ದೆವು. ಅಂದೇ ಬಿಡುಗಡೆಯಾಗಿದ್ದ, ಡೀಪ್ ಹೌಸ್ ಎನ್ನುವ ಡಾನ್ಸ್ ಸಂಗೀತದ ಹಾಡೊಂದು ನನ್ನ ಪುಟ್ಟ ಸ್ಪೀಕರಿನಲ್ಲಿ ಮಾತಿಲ್ಲದೆ, ಒಂದೇ ಸಮನೆ ಬಡಿಯುತ್ತಿತ್ತು. ಅತ್ತೆಗೆ ಕಿರಿಕಿರಿಯಾದೀತೆಂದು ಹಳೆಯ ಸಿನಿಮಾ ಹಾಡು ಹಾಕಲು ಹೊರಟಿದ್ದೆ.

“ಇದು ಬರೀ ಡಬ್‌ಡಬ್ ಅಲ್ವಾ ಅತ್ತೆ?” ಎಂದೆ.

ಎಲೆಯಿಂದ ಕಣ್ಣೆತ್ತದೆ ಹೇಳಿದರು: “ಹಳೇ ಹಾಡು ಯಾವ್ದಾಕುದ್ರೂ ನಿಮ್ಮಾವ ಬಂದು ಕುಂತ್ಕತಾರೆ. ಇದ್ರಲ್ಲಿ ಯಾರೂ ಇಲ್ಲ. ಕೈ ತನ್ ಪಾಡ್ಗೆ ಕೆಲ್ಸ ಮಾಡ್ತದೆ.”

ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಅದೇ ಹಾಡನ್ನು ಮತ್ತೆ ಮತ್ತೆ ಹಾಕಿದೆ.

ಆಮೇಲೆ ಅಂಥ ಹೊಸ ಹಾಡುಗಳು ಎಷ್ಟೋ ಬಂದಿವೆ, ಕೇಳಿದ್ದೇನೆ. ಅದೊಂದು ಮಾತ್ರ ಈಗ ಖಾಲಿಯಿಲ್ಲ. ಹಾಕಿದರೆ ಸಾಕು, ಸೊಪ್ಪಿನ ಘಾಟಿನ ಜೊತೆ ಗೌರತ್ತೆ ಬಂದು ಕೂರುತ್ತಾರೆ.